ಹೆಪ್ಪು

ಯಾದವಗಿರಿಯ ನಮ್ಮ ಕ್ವಾರ್ಟರ್ಸು ಎರಡು ಸಾಲು,
ನಡುವೆ ಒಂದು ನಲ್ಲಿ, ಒಂದು ಹೊಂಗೆ.
ರಾತ್ರಿ ಮೂರಕ್ಕೆ ಅಡುಗೆಮನೆ ಕಿಟಕಿಯಲ್ಲಿ ನಿಂತರೆ
ಎದುರು ಸಾಲಿನ ಹನ್ನೆರಡು ಮನೆಯೂ ಕಾಣುತ್ತವೆ.
ಹತ್ತು ವರ್ಷದಿಂದ ಇಲ್ಲಿದ್ದೇನೆ. ಎಣಿಸಿದ್ದು ಈ ಮಾಗಿಯಲ್ಲೇ.

ಇವರು ಮಲಗಿದಲ್ಲೇ ಬಲಗೈ ಎತ್ತುತ್ತಾರೆ,
ಹಾರ್ನು ಹುಡುಕುವ ಕೈ.
ಸಿಕ್ಕುವುದು ಮಂಚದ ಸರಳು, ಒಮ್ಮೊಮ್ಮೆ ನನ್ನ ಜಡೆ.

ಹನಕೆರೆ ದಾಟಿ, ಕಬ್ಬಿನ ಗದ್ದೆ ಮುಗಿಯುವಲ್ಲಿ,
ಬೆಳಗಿನ ಮಂಜಿನಲ್ಲಿ ಒಬ್ಬ ಹಸಿರು ಸ್ವೆಟರಿನವ.
ಬ್ರೇಕು ಹಾಕಿದರಂತೆ.
ರೈಲಿಗೆ ಬ್ರೇಕು ಹಾಕುವುದೆಂದರೆ
ಅದನ್ನು ಕೇಳಿಕೊಳ್ಳುವುದು, ಅಷ್ಟೆ.
ಅದು ಒಪ್ಪಿ ನಿಲ್ಲುವಷ್ಟರಲ್ಲಿ
ಅವನು ಇವರ ಮುಖ ನೋಡಿ ಮುಗಿಸಿದ್ದ.

ಮೂರು ದಿನ ರಜೆ ಕೊಟ್ಟರು. ಕಾಗದಕ್ಕೊಂದು ಸಹಿ.
ನಾಲ್ಕನೆಯ ದಿನ ಮಗಳ ಸ್ವೆಟರು ಗೂಡಿನಲ್ಲಿ ಇರಲಿಲ್ಲ.
ಅಚ್ಚ ಹಸಿರೂ ಅಲ್ಲ ಅದು, ನಿಂಬೆಕಾಯಿ ಬಣ್ಣ.
ನಾನು ಕೇಳಲಿಲ್ಲ. ಅವಳು ಅತ್ತಳು.
ಅತ್ತೆ ನಂಜನಗೂಡಿಗೆ ಹರಕೆ ಕಟ್ಟಿಕೊಂಡರು.
ಕುಕ್ಕರು ಕೂಗುವ ಮೊದಲೇ ನಾನು ಒಲೆ ಆರಿಸುತ್ತೇನೆ,
ನಮ್ಮ ಮನೆಯ ಅನ್ನ ದಿನವೂ ಅರೆಬೆಂದದ್ದು.

ಅದೇ ಇಂಜಿನ್ನಿನಲ್ಲಿ ಪಕ್ಕದಲ್ಲೇ ಕೂತಿದ್ದ ಚೆಲುವರಾಜು
ಎರಡು ವಾರ ಊಟ ಬಿಟ್ಟ, ಆಮೇಲೆ
ತಂಗಿಯ ಮದುವೆಯಲ್ಲಿ ಕುಣಿದ.
ನಿದ್ದೆ ಬರುತ್ತದಂತೆ, ಗೊರಕೆ ಸಮೇತ.
ಅವನ ಮೇಲೆ ಸಿಟ್ಟು ಬಂತು ನನಗೆ, ಸುಳ್ಳು ಯಾಕೆ ಹೇಳಲಿ.

ರೈಲ್ವೆ ಆಸ್ಪತ್ರೆಯ ಡಾಕ್ಟರಮ್ಮ ಉದ್ದನೆಯ ಹೆಸರೊಂದು ಬರೆದರು.
ಕನ್ನಡದಲ್ಲಿ ಏನಂತಾರೆ ಎಂದೆ.
ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.
‘ಮುಗಿದದ್ದು ಇನ್ನೂ ಮೈಗೆ ಗೊತ್ತಾಗಿಲ್ಲ, ಹಾಗಂದುಕೊಳ್ಳಿ.’
ನೂರು ಜನ ಕಂಡರೂ ಬಹಳ ಜನಕ್ಕೆ ತಾನಾಗಿ ಮಾಯುತ್ತದಂತೆ,
ಕೆಲವರಲ್ಲಿ ಉಳಿಯುತ್ತದಂತೆ.
ಯಾರಲ್ಲಿ?
‘ಹಿಂದೆಯೂ ಏನಾದರೂ ಕಂಡವರಲ್ಲಿ,
ಹೇಳಿಕೊಳ್ಳಲು ಯಾರೂ ಇಲ್ಲದವರಲ್ಲಿ.’
ಆಮೇಲೆ ನನ್ನನ್ನೇ ನೋಡಿ, ‘ಹೆಂಗಸರಲ್ಲಿ ಇನ್ನೂ ಹೆಚ್ಚು’ ಎಂದರು.
ನಾನು ಚೀಟಿ ಮಡಚಿದೆ.

ಬಸ್ಸಿನಲ್ಲಿ ಇವರು ಹೇಳಿದರು, ಕಿಟಕಿಯ ಕಡೆ ತಿರುಗಿ:
ತಮಗೆ ಎಂಟು ವರ್ಷವಿದ್ದಾಗ ತಮ್ಮ ನಾಲೆಗೆ ಜಾರಿದ್ದು,
ಕೈ ಸಿಕ್ಕಿ, ಸಿಕ್ಕ ಕೈ ಬಿಟ್ಟುಹೋದದ್ದು.
ಹದಿನಾರು ವರ್ಷದ ಸಂಸಾರ.
ಇವರಿಗೊಬ್ಬ ತಮ್ಮನಿದ್ದದ್ದೇ ನನಗೆ ಗೊತ್ತಿರಲಿಲ್ಲ.

ಅಂದಿನಿಂದ ದೀಪ ಎಣಿಸುತ್ತೇನೆ.
ಮೂರನೆಯ ಮನೆ ಕೆಂಪಾಜಿ, ಗ್ಯಾಂಗ್‌ಮನ್, ರಿಟೈರಾಗಲು ಎಂಟು ತಿಂಗಳು.
ಹಳಿಯ ಮೇಲೆ ಉಳಿದದ್ದನ್ನು ಆರಿಸಿ ಗೋಣಿಗೆ ತುಂಬುವವನು ಅವನು;
ಅವನಿಗೆ ಯಾರೂ ಮೂರು ದಿನ ರಜೆ ಕೊಟ್ಟಿಲ್ಲ.
ಆರನೆಯದು ಸೆಲ್ವಮೇರಿ, ನರ್ಸು. ಆ ಕೊರೋನಾ ವರ್ಷ
ಸತ್ತವರ ಫೋನುಗಳು ವಾರ್ಡಿನಲ್ಲಿ ಒಂದೇ ಸಮ ಬಡಿದುಕೊಳ್ಳುತ್ತಿದ್ದವಂತೆ,
‘ಅಮ್ಮ’ ಎಂದೋ ‘ಮನೆ’ ಎಂದೋ ಹೆಸರು ಹೊಳೆಯಿಸುತ್ತ.
ಒಂಬತ್ತರಲ್ಲಿ ಬಾಣಂತಿ. ಮಗು ಚೆನ್ನಾಗಿದೆಯಲ್ಲ ಎನ್ನುತ್ತಾರೆ ಎಲ್ಲರೂ,
ಆ ರಾತ್ರಿ ಅವಳಿಗೇನಾಯಿತೆಂದು ಕೇಳಿದವರಿಲ್ಲ.
ಹನ್ನೊಂದನೆಯ ದೀಪ ಯಾಕೆಂದು ಸಾಲಿಗೆಲ್ಲ ಗೊತ್ತು.
ಗಂಡನಿಗೆ ನೈಟ್ ಡ್ಯೂಟಿ ಇದ್ದ ದಿನ ಮಾತ್ರ ಅದು ಆರಿರುತ್ತದೆ.

ಹನ್ನೆರಡರಲ್ಲಿ ನಾಲ್ಕು. ಲೆಕ್ಕ ತಪ್ಪಿರಬಹುದು,
ಒಂದು ದೀಪ ಬರೀ ಸಕ್ಕರೆ ಕಾಯಿಲೆಯದ್ದಿರಬಹುದು,
ಕತ್ತಲಲ್ಲೇ ಎದ್ದು ಕೂತವರು ನನಗೆ ಕಾಣುವುದಿಲ್ಲ.
ಬೆಳಿಗ್ಗೆ ನಲ್ಲಿಯ ಹತ್ತಿರ ತಿಂಡಿ ಏನ್ರೀ ಅನ್ನುತ್ತೇವೆ.
ಅವರೆಕಾಳು ಉಪ್ಪಿಟ್ಟು, ಅನ್ನುತ್ತೇವೆ.

ನಿನ್ನೆ ಇವರ ಕೈ ಎದ್ದಾಗ ಹಿಡಿದುಕೊಂಡೆ.
ಬಿಡಿಸಿಕೊಳ್ಳಲಿಲ್ಲ.
ಉಸಿರು ನಿಧಾನವಾದ ಮೇಲೆ ಎದ್ದು
ಶಾಲು ಹೊದ್ದು, ಬಟ್ಟಲು ಹಿಡಿದು, ಹೊಂಗೆ ದಾಟಿ
ಆರನೆಯ ಬಾಗಿಲು ತಟ್ಟಿದೆ.
ಒಂದು ಚಮಚ ಹೆಪ್ಪಿದ್ದರೆ ಕೊಡಿ ಎಂದೆ.
ಆಗ ಮೂರೂಕಾಲು ಗಂಟೆ.
ಸೆಲ್ವಮೇರಿ ಗಡಿಯಾರ ನೋಡಲಿಲ್ಲ.
‘ಹೆಪ್ಪಿಲ್ಲ, ಒಳಗೆ ಬನ್ನಿ’ ಎಂದು
ಕುರ್ಚಿಯ ಮೇಲಿನ ಬಟ್ಟೆ ತೆಗೆದಳು.